ನಮ್ಮ ಭಯಕ್ಕೆ ಮಗು ಯಾಕೆ ಔಷಧಿ ಕುಡಿಯಬೇಕು?

ಮಗಳಿಗೆ ಆಗ ಒಂದೂವರೆ ವರ್ಷ. 2024ರ ಜನವರಿ. ಸ್ಟುಟ್‌ಗಾರ್ಟ್‌ನಲ್ಲಿ ರಾತ್ರಿ ಎರಡೂವರೆ ಗಂಟೆ. ಥರ್ಮಾಮೀಟರ್ 39.6 ತೋರಿಸಿತು. ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅದು ಎಷ್ಟು ಜಾಸ್ತಿ ಅಂತ ಇಬ್ಬರಿಗೂ ತಟ್ಟನೆ ಗೊತ್ತಾಗಲಿಲ್ಲ. ಈ ದೇಶದ ಚಳಿ, ರೊಟ್ಟಿ, ರೈಲು ಎಲ್ಲಾ ಒಗ್ಗಿದೆ. ಜ್ವರ ಮಾತ್ರ ನಮಗೆ ಇನ್ನೂ ಫ್ಯಾರನ್‌ಹೀಟ್‌ನಲ್ಲೇ ಬರುತ್ತೆ. ಫೋನಿನಲ್ಲಿ ಲೆಕ್ಕ ಹಾಕಿದೆ. 103.3. ಆಗ ಕೈ ನಡುಗೋಕೆ ಶುರುವಾಯಿತು.

ತುಮಕೂರಿನಲ್ಲಿ ಅದು ಬೆಳಗ್ಗೆ ಏಳು. ಅಮ್ಮ ಎದ್ದು ಹಾಲು ಕಾಯಿಸುವ ಹೊತ್ತು. "ನೂರಾ ಮೂರು ಇದೆ ಅಮ್ಮಾ" ಅಂದೆ. ಅವಳು ನೂರಾ ಮೂರರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಕಾಲು ಮುಟ್ಟಿ ನೋಡೋ. ಬಿಸಿ ಇದೆಯಾ, ತಣ್ಣಗಿದೆಯಾ?"

ಮುಟ್ಟಿದೆ. ಮೈ ಕೆಂಡ, ಪಾದ ಮಾತ್ರ ಐಸು.

"ಹಂಗಾದ್ರೆ ಇನ್ನೂ ಏರ್ತಾ ಇದೆ. ಈಗ ಒದ್ದೆ ಬಟ್ಟೆ ಗಿಟ್ಟೆ ಹಾಕ್ಬೇಡ, ನಡುಗಿಬಿಡುತ್ತೆ ಮಗು. ಕಾಲ್ಚೀಲ ಹಾಕು. ಕಾಲು ಬಿಸಿ ಆದ್ಮೇಲೆ ನೋಡೋಣ."

ಮರುದಿನ ಇಲ್ಲಿನ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಕೈಗೊಂದು ಹಾಳೆ ಕೊಟ್ಟರು. ಜರ್ಮನಿಯಲ್ಲಿ ಜ್ವರಕ್ಕೆ ಒಂದು ಹಳೇ ಮನೆಮದ್ದಿದೆ, ವಾಡೆನ್‌ವಿಕೆಲ್ ಅಂತ. ನಾವು ಹಣೆಗೆ ಒದ್ದೆ ಬಟ್ಟೆ ಹಾಕಿದರೆ ಇವರು ಕಾಲಿನ ಮೀನಖಂಡಕ್ಕೆ ಸುತ್ತುತ್ತಾರೆ, ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ಕೈಕಾಲು ತಣ್ಣಗಿದ್ದರೆ ಸುತ್ತಬೇಡಿ. ಜ್ವರ ಏರುವಾಗ ದೇಹ ಬಿಸಿಯನ್ನು ಒಳಗೇ ಹಿಡಿದಿಡಲು ಚರ್ಮದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ಅದಕ್ಕೇ ಪಾದ ತಣ್ಣಗಾಗುವುದು. ಆಗ ಹೊರಗಿನಿಂದ ತಂಪು ಮಾಡಿದರೆ ಮಗು ಇನ್ನಷ್ಟು ನಡುಗುತ್ತದೆ, ಅಷ್ಟೇ. ನಮ್ಮಮ್ಮ ಓದಿದ್ದು ಏಳನೇ ಕ್ಲಾಸು. ಹಾಳೆಯ ಫೋಟೋ ಕಳಿಸಿದೆ. "ಅದ್ಯಾವ ಭಾಷೇನೋ" ಅಂತ ಉತ್ತರ ಬಂತು.

ಆದರೆ ಆ ದಿನ ನನಗೆ ಡಾಕ್ಟರ್ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆಕೆ ಕೇಳಿದ್ದು ಮೂರೇ ಪ್ರಶ್ನೆ. ನೀರು ಕುಡಿಯುತ್ತಾಳಾ? ಉಚ್ಚೆ ಸರಿಯಾಗಿ ಹೋಗುತ್ತಿದೆಯಾ? ಜ್ವರ ಸ್ವಲ್ಪ ಇಳಿದಾಗ ಆಡುತ್ತಾಳಾ? ಎಲ್ಲದಕ್ಕೂ ಹೂಂ ಅಂದೆವು. ಕಿವಿ, ಗಂಟಲು, ಎದೆ ನೋಡಿದರು. ವೈರಲ್, ಮನೆಗೆ ಹೋಗಿ ಅಂದರು. "ಕಾದು ನೋಡಿ, ಟೀ ಕುಡೀರಿ" ಅನ್ನುವುದು ಜರ್ಮನ್ನರ ಗಾದೆ. ಅದನ್ನು ಅವರು ನಿಜವಾಗಿಯೂ ಪಾಲಿಸುತ್ತಾರೆ. ನಾನು ಬರಿಗೈಲಿ ಹೊರಗೆ ಬಂದೆ. ರಾತ್ರಿಯೆಲ್ಲ ನಿದ್ದೆಗೆಟ್ಟು ಬಂದವನಿಗೆ ಒಂದು ಬಾಟಲಿ ಆದರೂ ಬೇಡವಾ?

ತಮಾಷೆ ಏನು ಗೊತ್ತಾ? ಈ ಅಂಕಿಯ ಹುಚ್ಚು ಹುಟ್ಟಿದ್ದೇ ಈ ದೇಶದಲ್ಲಿ. ಲೈಪ್‌ಜಿಗ್‌ನ ಕಾರ್ಲ್ ವುಂಡರ್‌ಲಿಕ್ ಎಂಬ ಡಾಕ್ಟರ್ ಸುಮಾರು 25,000 ರೋಗಿಗಳ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು, 1868ರಲ್ಲಿ ಅದನ್ನೆಲ್ಲ ಅಚ್ಚು ಹಾಕಿಸಿದ. 37 ಡಿಗ್ರಿ, ಅಂದರೆ ನಮ್ಮ 98.6, ಸರಿಯಾದ ಮೈಬಿಸಿ ಅಂತ ನಾವು ಬಾಯಿಪಾಠ ಮಾಡಿರುವುದು ಅವನಿಂದ. ಈಗ ಅವನ ಊರಿನವರೇ ಅಂಕಿ ಬಿಡಿ, ಮಗು ನೋಡಿ ಅನ್ನುತ್ತಾರೆ. ಮೂರು ತಿಂಗಳ ಒಳಗಿನ ಕೂಸಿಗೆ ಮಾತ್ರ ಈ ಮಾತು ಅನ್ವಯಿಸಲ್ಲ. ಅದಕ್ಕೆ 38 ಅಂದರೆ 100.4 ಮುಟ್ಟಿದರೆ ಯಾವ ಊರಾದರೂ ಸರಿ, ಗಾಡಿ ಹತ್ತಿ ಆಸ್ಪತ್ರೆಗೆ ಹೋಗಬೇಕು.

ಅದೇ ವರ್ಷ ಆಗಸ್ಟ್‌ನಲ್ಲಿ ಊರಿಗೆ ಹೋದೆವು. ಬಂದ ಐದನೇ ದಿನ ಮಗಳಿಗೆ ಜ್ವರ. ಈ ಸಲ ನಾನು ಎಲ್ಲಾ ತಿಳಿದವನು. ಸೋಫಾ ಮೇಲೆ ಕೂತು "ಏನಾಗಲ್ಲ, ನೀರು ಕುಡಿಸಿ, ಕಾಯೋಣ" ಅಂತ ಭಾಷಣ ಬಿಗಿದೆ. ಕೇಳುವವರು ಯಾರು? ಅರ್ಧ ಗಂಟೆಯಲ್ಲಿ ಮನೆ ತುಂಬಿತು. ಚಿಕ್ಕಮ್ಮ ಬಂದರು. ಪಕ್ಕದ ಮನೆ ಆಂಟಿ ಬಂದರು. ಮಹಡಿ ಮನೆ ಅಜ್ಜಿ ಮೆಟ್ಟಿಲು ಇಳಿಯಲಾರದೆ ಇಳಿದು ಬಂದರು. ಒಬ್ಬರು ಫ್ಯಾನ್ ಆಫ್ ಮಾಡಿದರು, ಇನ್ನೊಬ್ಬರು ಆನ್ ಮಾಡಿದರು. ಒಬ್ಬರು ಕಂಬಳಿ ಹೊದಿಸಿ ಬೆವರಿಸಿ ಅಂದರು. ಚಿಕ್ಕಮ್ಮ ಬಾಗಿಲ ಹತ್ತಿರ ನಿಂತು ಮೆಲ್ಲಗೆ, "ಜ್ವರ ನೆತ್ತಿಗೇರಿಬಿಟ್ರೆ ಕಷ್ಟ ಕಣಪ್ಪಾ" ಅಂದರು. ಅದೊಂದು ಮಾತಿಗೆ ನನ್ನ ಜರ್ಮನ್ ಧೈರ್ಯವೆಲ್ಲ ನೀರಾಯಿತು.

ನೆತ್ತಿಗೇರುವುದು ಅಂದರೆ ಫಿಟ್ಸ್. ಚಿಕ್ಕಮ್ಮನ ಎರಡನೇ ಮಗನಿಗೆ ಎರಡು ವರ್ಷವಿದ್ದಾಗ ಬಂದಿತ್ತು. ಅವನ ಮುಷ್ಟಿಯೊಳಗೆ ಬೀಗದ ಕೈ ತುರುಕಿ, ಎತ್ತಿಕೊಂಡು ಬಿ.ಎಚ್. ರಸ್ತೆಯಲ್ಲಿ ಬರಿಗಾಲಲ್ಲಿ ಓಡಿದ್ದರು. ಅವನೀಗ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಾನೆ. ಆದರೂ ಆ ಓಟ ಅವರ ಮೈಯಿಂದ ಹೋಗಿಲ್ಲ. ಅವರ ಭಯವನ್ನು ನಾನು ಹಗುರ ಮಾಡಲಾರೆ. ಆರು ತಿಂಗಳಿಂದ ಐದು ವರ್ಷದವರೆಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಬರುತ್ತೆ. ಹೆಚ್ಚಿನವು ಕೆಲವೇ ನಿಮಿಷದಲ್ಲಿ ತಾನಾಗಿ ನಿಲ್ಲುತ್ತವೆ, ಮಿದುಳಿಗೆ ಪೆಟ್ಟೂ ಆಗುವುದಿಲ್ಲ. ಮಗುವನ್ನು ಮಗ್ಗುಲಾಗಿ ಮಲಗಿಸಬೇಕು. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬಾರದು. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ 108ಕ್ಕೆ ಫೋನ್. ಬೇಗ ನಿಂತರೂ ಮೊದಲ ಸಲ ಬಂದಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ಇನ್ನೊಂದು ವಿಷಯ, ಇದು ಕೇಳಿ ನನಗೇ ಆಶ್ಚರ್ಯವಾಗಿತ್ತು: ಪ್ಯಾರಸಿಟಮಾಲ್ ಕೊಟ್ಟು ಜ್ವರ ಇಳಿಸಿದ ಮಾತ್ರಕ್ಕೆ ಫಿಟ್ಸ್ ತಪ್ಪುತ್ತೆ ಅಂತ ಹೇಳೋಕಾಗಲ್ಲ. ಅದು ಮಗುವಿನ ಮೈಕೈ ನೋವು, ಕಿರಿಕಿರಿ ಕಡಿಮೆ ಮಾಡುತ್ತೆ. ಅಷ್ಟಕ್ಕೆ ಕೊಡಬಹುದು.

ಕೊಡುವುದರಲ್ಲೂ ನಮ್ಮೂರಲ್ಲಿ ಒಂದು ಗಂಡಾಂತರ ಇದೆ. ಪಕ್ಕದ ಮನೆ ಆಂಟಿ "ನಮ್ಮ ಹುಡುಗನಿಗೆ ಐದು ಎಂಎಲ್ ಕೊಡ್ತೀವಿ, ಅಷ್ಟೇ ಕೊಡಿ" ಅಂತ ಬಾಟಲಿ ತಂದುಕೊಟ್ಟರು. ತಿರುಗಿಸಿ ನೋಡಿದೆ. 5 ಎಂಎಲ್‌ಗೆ 250 ಮಿಲಿಗ್ರಾಂ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ 125ರ ಬಾಟಲಿಯೂ ಇರುತ್ತೆ. ಇನ್ನು ಡ್ರಾಪ್ಸ್ ಅಂದರೆ ಒಂದೇ ಎಂಎಲ್‌ಗೆ 100. ಪ್ರತಿ ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಅನ್ನುವುದು ಲೆಕ್ಕ. ನನ್ನ ಮಗಳು ಆಗ ಹನ್ನೆರಡು ಕಿಲೋ. ಆ ಬಾಟಲಿಯಲ್ಲಿ ಅವಳಿಗೆ ಮೂರು ಎಂಎಲ್ ಸಾಕಿತ್ತು. ಆಂಟಿಯ ಹುಡುಗನಿಗೆ ಏಳು ವರ್ಷ. ಜರ್ಮನಿಯಲ್ಲಿ ಮೇಣದಂಥ ಗುಳಿಗೆ ಕೊಡುತ್ತಾರೆ, ತೂಕಕ್ಕೆ ತಕ್ಕ ಹಾಗೆ ಬೇರೆ ಬೇರೆ ಪೆಟ್ಟಿಗೆ. ಅದನ್ನು ಎಲ್ಲಿಂದ ಇಡಬೇಕು ಅಂತ ಹೇಳಿದಾಗ ಮಹಡಿ ಮನೆ ಅಜ್ಜಿ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡರು.

ಕ್ಲಿನಿಕ್‌ನಲ್ಲಿ ನಮ್ಮ ಟೋಕನ್ ನಲವತ್ತೊಂದು. ಚಿಕ್ಕಪ್ಪನ ಮಗನೂ ತನ್ನ ಮಗುವನ್ನು ಎತ್ತಿಕೊಂಡು ಬಂದಿದ್ದ, ಅದಕ್ಕೂ ಜ್ವರ. ಅವನು ವಸಂತನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ದಿನಗೂಲಿ, ಹೆಂಡತಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಒಳಗೆ ಹೋಗುತ್ತಲೇ ಅವನು, "ಒಂದು ಇಂಜೆಕ್ಷನ್ ಹಾಕಿಬಿಡಿ ಸಾರ್" ಅಂದ. ಹೊರಗೆ ಬಂದಾಗ ನಾನು ಬುದ್ಧಿ ಹೇಳಲು ಹೋದೆ. ವೈರಲ್‌ಗೆ ಇಂಜೆಕ್ಷನ್ ಯಾಕೋ, ಮೂರು ದಿನದಲ್ಲಿ ತಾನೇ ಹೋಗುತ್ತೆ ಅಂದೆ.

"ಅಣ್ಣಾ, ಮೂರು ದಿನ ಇವನ್ನ ಯಾರು ನೋಡ್ಕೊತಾರೆ? ನಾಳೆ ನಾನು ಹೋಗ್ಲಿಲ್ಲ ಅಂದ್ರೆ ನಾಳೆದು ಕೂಲಿ ಇಲ್ಲ."

ನನ್ನ ಬಾಯಿ ಕಟ್ಟಿತು. ಜರ್ಮನಿಯಲ್ಲಿ ಹನ್ನೆರಡು ವರ್ಷದೊಳಗಿನ ಮಗುವಿಗೆ ಹುಷಾರಿಲ್ಲ ಅಂದರೆ, ಸರ್ಕಾರಿ ಆರೋಗ್ಯ ವಿಮೆಯಲ್ಲಿರುವ ಅಪ್ಪನಿಗೂ ಅಮ್ಮನಿಗೂ ವರ್ಷಕ್ಕೆ ತಲಾ 15 ದಿನ. 2024ರಿಂದ ಅಷ್ಟಾಗಿದೆ. ಒಬ್ಬರೇ ಸಾಕುವವರಿಗೆ 30. ಕೈಗೆ ಬರುವ ಸಂಬಳದಲ್ಲಿ ಹೋದದ್ದರ ಸುಮಾರು ಶೇ 90ರಷ್ಟನ್ನು ವಿಮೆಯವರು ತುಂಬಿಕೊಡುತ್ತಾರೆ. ಡಾಕ್ಟರ್ ಚೀಟಿ ಒಂದಿದ್ದರೆ ಸಾಕು. "ಕಾದು ನೋಡಿ" ಅನ್ನುವ ಗಾದೆಯ ಹಿಂದೆ ಈ ಹದಿನೈದು ದಿನ ಕೂತಿದೆ. ಕಾಯಲು ಅವರಿಗೆ ಪುರುಸೊತ್ತಿದೆ. ನನ್ನ ತಮ್ಮನಿಗೆ ಇಲ್ಲ. ನಾನು ಅದನ್ನು ಅವರ ಜಾಣತನ, ನಮ್ಮವರ ದಡ್ಡತನ ಅಂದುಕೊಂಡಿದ್ದೆ.

ನನ್ನ ಜಂಬಕ್ಕೆ ಇನ್ನೊಂದು ಪೆಟ್ಟು ಡಾಕ್ಟರ್ ಕೋಣೆಯೊಳಗೆ ಬಿತ್ತು. ಅಲ್ಲಿಂದ ತಂದಿದ್ದ ಐಬುಪ್ರೊಫೆನ್ ಸಿರಪ್ ಬ್ಯಾಗಿನಲ್ಲಿತ್ತು. ಅಲ್ಲಿ ಅದನ್ನು ಎಲ್ಲರೂ ಕೊಡುತ್ತಾರೆ. ಕೊಡಲಾ ಅಂತ ಕೇಳಿದೆ. ಡಾಕ್ಟರ್ ತಲೆ ಎತ್ತಿ ನೋಡಿದರು. "ಊರೆಲ್ಲ ಡೆಂಗಿ ಇದೆ. ಅಲ್ಲ ಅಂತ ಗೊತ್ತಾಗೋವರೆಗೆ ಅದನ್ನ ಮುಟ್ಟಬೇಡಿ." ಡೆಂಗಿಯಲ್ಲಿ ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚು. ಪ್ಯಾರಸಿಟಮಾಲ್ ಒಂದೇ. ಆ ವರ್ಷ ಡೆಂಗಿ ಎಷ್ಟು ಹೆಚ್ಚಿತ್ತೆಂದರೆ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದೇ ಸಾರಿತು. ಇನ್ನೊಂದು ಮಾತು ಹೇಳಿದರು: "ಜ್ವರ ಬಿಟ್ಟ ಮೇಲೂ ಎರಡು ದಿನ ಕಣ್ಣಿಟ್ಟಿರಿ. ಹೊಟ್ಟೆನೋವು, ಬಿಡದೆ ವಾಂತಿ, ಮಂಕು, ಒಸಡಲ್ಲಿ ರಕ್ತ, ಏನು ಕಂಡರೂ ಕರ್ಕೊಂಡು ಬನ್ನಿ." ಸ್ಟುಟ್‌ಗಾರ್ಟ್‌ನಲ್ಲಿ ಜ್ವರ ಇಳಿದರೆ ನಾವು ನಿದ್ದೆ ಮಾಡುತ್ತೇವೆ. ಮಳೆಗಾಲದ ತುಮಕೂರಿನಲ್ಲಿ ಇಳಿದಾಗಲೇ ಎಚ್ಚರ ಇರಬೇಕು. ಸೊಳ್ಳೆ ಬೇರೆ ಅಂದಮೇಲೆ ಧೈರ್ಯದ ಅಳತೆಯೂ ಬೇರೆ. ಹಾಗಾಗಿ "ಫಾರಿನ್‌ನಲ್ಲಿ ಡಾಕ್ಟರಿಗೇ ತೋರಿಸಲ್ಲ ಗೊತ್ತಾ" ಅಂತ ನನ್ನಂಥವರು ಹೇಳಿದರೆ ದಯವಿಟ್ಟು ನಂಬಬೇಡಿ.

ರಕ್ತ ಪರೀಕ್ಷೆಯಲ್ಲಿ ಡೆಂಗಿ ಇಲ್ಲ ಅಂತ ಬಂತು. ಆದರೂ ಚೀಟಿಯಲ್ಲಿ ಒಂದು ಆ್ಯಂಟಿಬಯೋಟಿಕ್ ಇತ್ತು. ಯಾಕೆ ಅಂತ ಕೇಳಿದೆ. ಆ ಡಾಕ್ಟರ್ ಒಳ್ಳೆಯವರು, ಸುಳ್ಳು ಹೇಳಲಿಲ್ಲ. "ಬರೆಯದೆ ಕಳಿಸಿದರೆ ಇವರು ಸಂಜೆ ಇನ್ನೊಂದು ಕ್ಲಿನಿಕ್‌ಗೆ ಹೋಗ್ತಾರೆ ಸಾರ್" ಅಂದರು. ನಮಗೆ ಅದು ಬೇಡ ಅಂದೆವು. ಹೊಡೆದು ಹಾಕಿದರು.

ಇಷ್ಟು ಹೊತ್ತು ನಾನು ಹೇಳಬೇಕು ಅಂತಿದ್ದುದು ಇದೇ. ಜ್ವರಕ್ಕೆ ಮದ್ದು ಬೇರೆ, ಭಯಕ್ಕೆ ಮದ್ದು ಬೇರೆ. ಬ್ಯಾಕ್ಟೀರಿಯಾ ಇಲ್ಲದ ಜ್ವರಕ್ಕೆ ಆ ಗುಲಾಬಿ ಬಣ್ಣದ ಆ್ಯಂಟಿಬಯೋಟಿಕ್ ಸಿರಪ್ ಬರೆಯುವುದು ನನ್ನ ಭಯಕ್ಕೆ. ಕುಡಿಯುವುದು ಮಾತ್ರ ಮಗು. ಭೇದಿ ಆಗುವುದೂ ಅದಕ್ಕೇ. 1980ರಲ್ಲೇ ಅಮೆರಿಕದ ಮಕ್ಕಳ ಡಾಕ್ಟರ್ ಬಾರ್ಟನ್ ಷ್ಮಿಟ್ ತಂದೆತಾಯಂದಿರ ಈ ಅತಿಭಯಕ್ಕೆ ಒಂದು ಹೆಸರನ್ನೇ ಇಟ್ಟರು, 'ಜ್ವರಭೀತಿ' ಅಂತ. ಅಂದರೆ ಇದು ತುಮಕೂರಿನ ರೋಗವೇನಲ್ಲ. ಆ ಭೀತಿಗೆ ಯಾರು ಏನು ಕೊಡುತ್ತಾರೆ ಅನ್ನುವುದರಲ್ಲಿ ಊರಿಗೂ ಊರಿಗೂ ವ್ಯತ್ಯಾಸ.

ಜರ್ಮನಿ ಒಂದು ಫೋನ್ ನಂಬರ್ ಕೊಡುತ್ತೆ, 116117. ರಾತ್ರಿ ಡಾಕ್ಟರ್ ಬೇಕಾದರೆ ಅಲ್ಲಿಗೆ ಫೋನ್ ಮಾಡಬೇಕು. ಹಾಳೆ ಕೊಡುತ್ತೆ, ರಜೆ ಕೊಡುತ್ತೆ. ಬಾಗಿಲು ತಟ್ಟಿ "ಮಗು ಹೆಂಗಿದೆ" ಅನ್ನುವ ಒಬ್ಬ ಮನುಷ್ಯನನ್ನು ಕೊಡಲ್ಲ. ಎದುರು ಮನೆಯವರಿಗೆ ನಮ್ಮ ಮಗುವಿನ ಅಳು ಕೇಳಿಸಿದ್ದರೂ ಮರುದಿನ ಮೆಟ್ಟಿಲ ಮೇಲೆ ನಕ್ಕು ಹೋಗುತ್ತಾರೆ. ಅದು ಅವರ ಮರ್ಯಾದೆ. ಆ ಜನವರಿ ರಾತ್ರಿ ನಾವಿಬ್ಬರೇ ಸರದಿಯಲ್ಲಿ ಕೂತಿದ್ದೆವು. ಒಬ್ಬರ ಭಯ ಇನ್ನೊಬ್ಬರಿಗೆ ಅಂಟುತ್ತಿತ್ತು, ಮೂರನೆಯವರು ಇರಲಿಲ್ಲ.

ತುಮಕೂರು ಮನೆ ತುಂಬ ಜನ ಕೊಡುತ್ತೆ. ಅರ್ಧ ಜನ ಭಯ ಹುಟ್ಟಿಸುತ್ತಾರೆ ಅನ್ನುವುದು ನಿಜ. ಆದರೆ ಆ ಆಗಸ್ಟ್ ರಾತ್ರಿ ಒಂದು ಗಂಟೆಗೆ ಚಿಕ್ಕಮ್ಮ ನನ್ನ ಕೈಯಿಂದ ಮಗುವನ್ನು ಎತ್ತಿಕೊಂಡು "ಹೋಗಿ ಮಲ್ಕೊಳ್ಳೋ, ನಾನಿದೀನಿ" ಅಂದರು. ನಾನು ನಾಲ್ಕು ಗಂಟೆ ಹೊಡೆದ ನಿದ್ದೆ ಎಂಥದ್ದು ಅಂತೀರಿ! ಬೆಳಗ್ಗೆ ಎದ್ದಾಗ ಮಗಳು ರಾಗಿ ಸರಿ ತಿನ್ನುತ್ತಿದ್ದಳು, ಚಿಕ್ಕಮ್ಮನ ಕಣ್ಣು ಕೆಂಪಗಿತ್ತು.

ಅವತ್ತು ಸಂಜೆ ಅಮ್ಮ ದೃಷ್ಟಿಯನ್ನೂ ತೆಗೆದಿದ್ದಳು. ಕಲ್ಲುಪ್ಪು, ಒಣಮೆಣಸಿನಕಾಯಿ, ಪೊರಕೆಕಡ್ಡಿ ಮುಷ್ಟಿಯಲ್ಲಿ ಹಿಡಿದು ಮೂರು ಸುತ್ತು ನೀವಾಳಿಸಿ ಬೆಂಕಿಗೆ ಹಾಕಿದಳು. ಮೊದಲಾಗಿದ್ದರೆ ನಾನು ಇದನ್ನು ಹಾಸ್ಯ ಮಾಡುತ್ತಿದ್ದೆ. ಕೊರಳಿಗೆ ಅಂತ್ರ ಕಟ್ಟಿಸಿಕೊಂಡು ಡಾಕ್ಟರ್ ಹತ್ತಿರ ಹೋಗದೆ ಕೂತರೆ ಈಗಲೂ ಜಗಳ ಆಡುತ್ತೇನೆ. ಆದರೆ ಡಾಕ್ಟರಿಗೆ ತೋರಿಸಿ ಬಂದ ಮೇಲೆ ಉಳಿಯುವ ಭಯಕ್ಕೆ ನನ್ನ ಓಟು ಈ ಉಪ್ಪು ಮೆಣಸಿನಕಾಯಿಗೇ. ಬೇಡದ ಆ್ಯಂಟಿಬಯೋಟಿಕ್‌ಗಿಂತ ಇದು ಎಷ್ಟೋ ವಾಸಿ. ಯಾರೂ ನುಂಗಬೇಕಾಗಿಲ್ಲ.

ಸ್ಟುಟ್‌ಗಾರ್ಟ್‌ನಲ್ಲಿ ನಾವೂ ಒಮ್ಮೆ ಮಾಡಲು ಹೋದೆವು. ನಮ್ಮದು ಗಾಜಿನ ಕರೆಂಟ್ ಒಲೆ, ಬೆಂಕಿಯೇ ಇಲ್ಲ. ಹಳೇ ಬಾಣಲೆಗೆ ಹಾಕಿದ್ದಕ್ಕೆ ಚಾವಣಿಯ ಹೊಗೆ ಅಲಾರಂ ಹೊಡೆದುಕೊಂಡಿತು. ಜ್ವರದ ಮಗು ಬೆಚ್ಚಿ ಕಿರುಚಿತು.

ಹೋದ ವಾರ ಮತ್ತೆ 38.7. ಸಂಜೆ ಆರೂವರೆಗೆ ವೀಡಿಯೊ ಕಾಲ್ ಮಾಡಿದೆವು, ಅಲ್ಲಿ ರಾತ್ರಿ ಹನ್ನೊಂದು. ಅಮ್ಮ ಫೋನನ್ನು ಹಾಲಿನ ಪಾತ್ರೆಗೆ ಒರಗಿಸಿ ನಿಲ್ಲಿಸಿದಳು. ಮುಷ್ಟಿಯನ್ನು ಫೋನಿಗೇ ಮೂರು ಸುತ್ತು ನೀವಾಳಿಸಿದಳು. ಗ್ಯಾಸ್ ಒಲೆ ಮೇಲಿನ ಕೆಂಡದ ಬಟ್ಟಲಿಗೆ ಸುರಿದಳು. ಚಟಪಟ ಅಂತು.

"ನೋಡು, ಘಾಟೇ ಬರ್ಲಿಲ್ಲ! ಎಷ್ಟು ದೃಷ್ಟಿಯಾಗಿದೆ ನನ್ ಕೂಸಿಗೆ."

"ಅಜ್ಜಿ, ಇನ್ನೊಂದು ಸಲ ಚಟಪಟ ಮಾಡು" ಅಂದಳು ಮಗಳು. ನಾನು ಅವಳ ಕಾಲು ಮುಟ್ಟಿ ನೋಡಿದೆ. ಬೆಚ್ಚಗಿತ್ತು.