ಐದನೆಯ ಮನೆಯ ತಕರಾರು

ಗುಬ್ಬಿ ತಾಲ್ಲೂಕಿನಲ್ಲಿರುವ ನಮ್ಮ ಪಿತ್ರಾರ್ಜಿತ ಹೊಲದ ಸರ್ವೆ ನಂಬರು ಒಂದು ಕಾಲಕ್ಕೆ ಬರಿಯ 45 ಆಗಿತ್ತು. ಅಣ್ಣತಮ್ಮಂದಿರು ಪಾಲಾಗಿ, ಪೋಡಿಯೂ ಆಗಿ, ಅದು 45/1, 45/2, 45/3 ಎಂದು ಒಡೆಯಿತು. ನಡುವೆ ನಿಂತಿರುವ ಓರೆಗೆರೆಯನ್ನು ಗ್ರಾಮ ಲೆಕ್ಕಿಗರಿಂದ ಹಿಡಿದು ಹೋಟೆಲಿನಲ್ಲಿ ಒನ್ ಬೈ ಟೂ ಕಾಫಿ ಹೇಳುವವರವರೆಗೆ ಎಲ್ಲರೂ ‘ಬೈ’ ಎಂದೇ ಕರೆಯುತ್ತಾರೆ. ಆ ಹೆಸರು ಎಷ್ಟು ಸಾರ್ಥಕವೆಂಬುದು ಕಂಪ್ಯೂಟರಿನಲ್ಲಿ ಪಾಲುಪಟ್ಟಿಯ ಕರಡನ್ನು ಹುಡುಕಲು ಕುಳಿತ ದಿನ ನನಗೆ ತಿಳಿಯಿತು. ನಾನು ‘ಬೈ’ ಹಾಕಿದೆ, ಅದು ಬೈದಿತು.

ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆಗೆಂದು ಊರಿನಿಂದ ಬಂದಿದ್ದ ದೊಡ್ಡಪ್ಪ, ತುಮಕೂರಿನ ನಮ್ಮ ಮನೆಯಲ್ಲಿ ಇಳಿದುಕೊಂಡು, 45/2ರ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಏನಿತ್ತೆಂದು ಕೇಳಿದ್ದರು. ಹತ್ತಾರು ವರ್ಷಗಳಿಂದ ಟೈಪು ಮಾಡಿಸಿದ ಕಾಗದಗಳೆಲ್ಲ ನನ್ನ ಕಂಪ್ಯೂಟರಿನಲ್ಲಿ ಇದ್ದವು. ಫೈಲುಗಳ ಒಳಗಿನ ಪದಗಳನ್ನೂ ಹುಡುಕಿಕೊಡುವ ತಂತ್ರಾಂಶವೊಂದೂ ಇತ್ತು. ಡಗ್ ಕಟಿಂಗ್ ಎಂಬವರು 1999ರಲ್ಲಿ ಬರೆದು, ತಮ್ಮ ಪತ್ನಿಯ ಮಧ್ಯದ ಹೆಸರನ್ನೇ ಇಟ್ಟ ‘ಲುಸೀನ್’ ಎಂಬ ಹುಡುಕುಯಂತ್ರ ಅದರ ಒಳಗೆ ಕುಳಿತು ಕೆಲಸ ಮಾಡುತ್ತದೆ. ನಾನು 45/2 ಎಂದು ಟೈಪಿಸಿ ಎಂಟರ್ ಒತ್ತಿದೊಡನೆ ಕೆಂಪಕ್ಷರದಲ್ಲಿ ಉತ್ತರ ಬಂತು: ಲೆಕ್ಸಿಕಲ್ ಎರರ್, ಮೊದಲ ಸಾಲು, ಐದನೆಯ ಕಾಲಂ.

“ಏನಂತಪ್ಪಾ ಅದ್ರ ತಕರಾರು?” ಎಂದರು ದೊಡ್ಡಪ್ಪ.

“ಐದನೇ ಮನೇಲಿ ತಪ್ಪಿದೆಯಂತೆ ದೊಡ್ಡಪ್ಪ.”

“ಹೊಲ ಹುಡುಕ್ತಿದೀಯೋ, ಜಾತಕ ನೋಡ್ತಿದೀಯೋ?”

ನಾನು ಟೈಪಿಸಿದ್ದು ನಾಲ್ಕೇ ಅಕ್ಷರ. ನಾಲ್ಕು ಅಕ್ಷರದ ಬರಹದಲ್ಲಿ ಐದನೆಯ ಮನೆ ಎಲ್ಲಿಂದ ಬಂತು? ಈ ಒಗಟನ್ನು ಬಿಡಿಸುವುದಕ್ಕೆ ಅರ್ಧ ಗಂಟೆ ಹಿಡಿಯಿತು. 2012ರಲ್ಲಿ ಬಂದ ಲುಸೀನಿನ 4.0 ಆವೃತ್ತಿಯಿಂದೀಚೆಗೆ ಓರೆಗೆರೆ ಎಂದರೆ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ, ಎಂಥ ಅಕ್ಷರಗಳನ್ನು ಹುಡುಕಬೇಕೆಂದು ಹೇಳುವ ಮಾದರಿಯ ಆರಂಭ. ಇನ್ನೊಂದು ಓರೆಗೆರೆ ಬಂದಾಗ ಅದರ ಮುಕ್ತಾಯ. ಪಾಪ, ಅದು 45ನ್ನು ಓದಿ, ಬಾಗಿಲು ತೆರೆಯಿತೆಂದು ತಿಳಿದು, 2ನ್ನೂ ದಾಟಿ, ಬಾಗಿಲು ಮುಚ್ಚುವವರು ಯಾರಾದರೂ ಬರುವರೇ ಎಂದು ಕಾದಿದೆ. ಬರಹವೇ ಮುಗಿದುಹೋಗಿ ಐದನೆಯ ಮನೆಯಲ್ಲಿ ಶೂನ್ಯ ಎದುರಾದಾಗ ಕೂಗಿಕೊಂಡಿದೆ. ತಪ್ಪು ಮೂರನೆಯ ಮನೆಯಲ್ಲಿತ್ತು, ಕೂಗು ಐದನೆಯದರಿಂದ ಬಂತು. ಅದು ತೋರಿಸುವುದು ತಪ್ಪಾದ ಜಾಗವನ್ನಲ್ಲ, ತನ್ನ ತಾಳ್ಮೆ ಮುಗಿದ ಜಾಗವನ್ನು.

ಪರಿಹಾರ ಸುಲಭವೇ ಆಗಿತ್ತು: ಓರೆಗೆರೆಗೆ ಮೊದಲು ಒಂದು ಹಿಂದೋರೆ ಗೆರೆಯನ್ನು (\) ಇಡಬೇಕು, ಇಲ್ಲವೇ ಇಡೀ ನಂಬರನ್ನು ಉದ್ಧರಣ ಚಿಹ್ನೆಗಳ ಒಳಗೆ ಕೂರಿಸಬೇಕು. ಹೇಗೂ ಒಂದು ಪತ್ರದಲ್ಲಿ ಉದ್ಧರಣ ಚಿಹ್ನೆಯೊಳಗೆ ಈ ನಂಬರು ಇತ್ತಲ್ಲ ಎಂದು ಸೋಮಾರಿತನದಿಂದ ಅಲ್ಲಿಂದಲೇ ನಕಲು ಮಾಡಿ ಅಂಟಿಸಿದೆ. ಮತ್ತೆ ಅದೇ ಕೆಂಪಕ್ಷರ, ಈ ಸಲ ಏಳನೆಯ ಕಾಲಂ. ಕನ್ನಡಕವನ್ನು ಒರೆಸಿಕೊಂಡು ಹತ್ತಿರದಿಂದ ನೋಡಿದೆ. ಪತ್ರ ಬರೆಯುವ ತಂತ್ರಾಂಶ ಅಂದಕ್ಕೆಂದು ಚಿಹ್ನೆಗಳನ್ನು ಮೀಸೆಯಂತೆ ಬಾಗಿಸಿಬಿಟ್ಟಿತ್ತು. ಹುಡುಕುವ ತಂತ್ರಾಂಶ ನೆಟ್ಟಗೆ ನಿಂತ ಎರಡು ಕಡ್ಡಿಗಳನ್ನು ಮಾತ್ರ ಉದ್ಧರಣವೆಂದು ಒಪ್ಪುತ್ತದೆ. ಕಣ್ಣಿಗೆ ಅಣ್ಣತಮ್ಮಂದಿರಂತೆ ಕಾಣುವ ಇವು, ಅಕ್ಷರಗಳಿಗೆಲ್ಲ ನಂಬರು ಕೊಡುವ ಯೂನಿಕೋಡಿನ ಪಹಣಿಯಲ್ಲಿ ಬೇರೆ ಬೇರೆ ಖಾತೆಯವು. ಬಾಗಿದ್ದನ್ನು ಅಳಿಸಿ, ಶಿಫ್ಟ್ ಒತ್ತಿ, ನೆಟ್ಟಗಿನದನ್ನು ಕೈಯಾರೆ ಹಾಕಿದೆ. ಕೆಂಪು ಮಾಯವಾಯಿತು.

ಫಲಿತಾಂಶ: ಸೊನ್ನೆ.

ಬೈಗುಳಕ್ಕಿಂತ ಈ ಸೊನ್ನೆಯೇ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಬೈದಾಗ ತಪ್ಪು ನನ್ನ ಬರಹದ್ದೆಂದು ಖಚಿತವಾಗಿರುತ್ತದೆ. ಸೊನ್ನೆ ಬಂದಾಗ ಕಾಗದವೇ ಇಲ್ಲವೋ, ಕೇಳಿದ ರೀತಿ ಸರಿಯಿಲ್ಲವೋ ಎಂಬುದು ತಿಳಿಯುವುದಿಲ್ಲ. ದಸ್ತಾವೇಜಿನ ರೂಢಿಯಂತೆ ‘ಖಾತೆದಾರ’ ಎಂದು ಬರೆದು, ಎರಡು ಚುಕ್ಕೆ ಇಟ್ಟು, ಅಜ್ಜನ ಹೆಸರನ್ನು ಸೇರಿಸಿ ಕೇಳಿದೆ. ಬೈಗುಳವಿಲ್ಲ, ಸೊನ್ನೆ. ಎರಡು ಚುಕ್ಕೆ ಕಂಡೊಡನೆ ಅದು, ‘ಖಾತೆದಾರ’ ಎಂಬ ಹೆಸರಿನ ಅಂಕಣವೊಂದು ತನ್ನಲ್ಲಿದೆಯೆಂದು ನಂಬಿ, ಇಲ್ಲದ ಆ ಅಂಕಣದಲ್ಲಿ ಅಜ್ಜನನ್ನು ಶ್ರದ್ಧೆಯಿಂದ ಹುಡುಕಿ ಬರಿಗೈಯಲ್ಲಿ ಬಂದಿತ್ತು. ಊರಿನ ಹೆಸರಾದರೂ ದಾರಿ ತೋರೀತೆಂದು, ಕೊನೆಯ ಅಕ್ಷರದ ಬದಲಿಗೆ ಪ್ರಶ್ನಾರ್ಥಕ ಚಿಹ್ನೆ ಇಟ್ಟು ‘ತುಮಕೂ?’ ಎಂದು ಕೇಳಿದೆ. ಅದಕ್ಕೂ ಸೊನ್ನೆ. ಆ ಚಿಹ್ನೆ ಯಾವುದಾದರೂ ಒಂದು ಅಕ್ಷರಕ್ಕೆ ಸಮ ಎಂಬುದು ನಿಜ. ಆದರೆ ನಮ್ಮ ಬಾಯಿಗೆ ನಾಲ್ಕು ಅಕ್ಷರವಾದ ತುಮಕೂರು ಅದರ ಲೆಕ್ಕದಲ್ಲಿ ಏಳು, ಏಕೆಂದರೆ ಕೊಂಬುಗಳೆಲ್ಲ ಅದಕ್ಕೆ ಪ್ರತ್ಯೇಕ. ‘ರು’ವಿಗೆ ಎರಡು ಪ್ರಶ್ನಾರ್ಥಕ ಬೇಕು!

ಇನ್ನೊಂದು ತೊಡಕು ಕೇವಲ ನಮ್ಮ ಊರಿನದು. 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಕಾಗುಣಿತ ಅಧಿಕೃತವಾಗಿ ಬದಲಾದದ್ದರಿಂದ, ಇಂಗ್ಲಿಷಿನ ಹಳೆಯ ಕಾಗದಗಳಲ್ಲಿ ‘ಟುಮ್ಕೂರ್’, ಹೊಸವುಗಳಲ್ಲಿ ‘ತುಮಕೂರು’. ಎರಡೂ ಬೇಕೆಂದರೆ ನಡುವೆ ಇಂಗ್ಲಿಷಿನ ‘ಆರ್’ (OR, ಅಂದರೆ ‘ಅಥವಾ’) ಹಾಕಬೇಕು, ಅದೂ ದೊಡ್ಡಕ್ಷರದಲ್ಲಿ. ಚಿಕ್ಕಕ್ಷರದ ‘ಆರ್’ ಅದಕ್ಕೆ ಆಜ್ಞೆಯೇ ಅಲ್ಲ. ದೊಡ್ಡದು ಚಿಕ್ಕದೆಂಬ ಭೇದವಿಲ್ಲದ ಲಿಪಿಯಲ್ಲಿ ಅಕ್ಷರ ಕಲಿತವನಿಗೆ ಇದು ಸ್ವಲ್ಪ ಅತಿಯೆನಿಸುತ್ತದೆ.

ಕೊನೆಗೆ ಅಲಂಕಾರಗಳನ್ನೆಲ್ಲ ಕಿತ್ತುಹಾಕಿ ‘ಪಾಲುಪಟ್ಟಿ’ ಎಂಬ ಒಂದೇ ಪದವನ್ನಿಟ್ಟು ಹುಡುಕಿದೆ; ಒಂಬತ್ತು ಫೈಲುಗಳು ಬಂದವು. ಅದರೊಡನೆ ‘ಚಕ್ಕುಬಂದಿ’ಯನ್ನು ಕಡ್ಡಾಯವಾಗಿ ಇರಬೇಕೆಂದು ಸೇರಿಸಿದೆ, ಮೂರು ಉಳಿದವು. ಎರಡನೆಯದರಲ್ಲಿ ನಮ್ಮ ಹೊಲ ಇತ್ತು. ಟೈಪು ಮಾಡಿದ ಪುಣ್ಯಾತ್ಮ ಓರೆಗೆರೆಯ ಗೊಡವೆಗೇ ಹೋಗದೆ, ‘ಸರ್ವೆ ನಂಬರು 45ರ ಪೈಕಿ 2ನೇ ಹಿಸ್ಸೆ’ ಎಂದು ಬಿಡಿಸಿ ಬರೆದಿದ್ದ.

ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿದಾರಿ ಎಂದು ನಾನು ಓದುತ್ತಾ ಹೋದಂತೆ ದೊಡ್ಡಪ್ಪ ಕಣ್ಣು ಮುಚ್ಚಿ ತಲೆದೂಗಿದರು. ಆಮೇಲೆ ಕಾಫಿ ಲೋಟ ಕೆಳಗಿಟ್ಟು, “ಹಂಗೇ ಮಗ್ಗುಲಿನ 46 ಬೈ 1 ಕೂಡ ನೋಡ್ಬಿಡು” ಎಂದರು. ನಾನು ಮಾತಾಡದೆ ಕಿರುಬೆರಳನ್ನು ಶಿಫ್ಟ್ ಕೀಲಿಯ ಮೇಲಿಟ್ಟೆ.