ಬೀಗದ ಗುರುತು ಕಂಡ್ರೆ ಲಿಂಕ್ ಸೇಫ್ ಅಂತ ಅಲ್ಲ

ನಮ್ಮ ಬದಿಯಡ್ಕ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಮೆಸೇಜ್ ಓಡ್ತಾ ಉಂಟು, "ಲಿಂಕಿನಲ್ಲಿ ಎಚ್‌ಟಿಟಿಪಿಎಸ್ ಮತ್ತೆ ಬೀಗದ ಗುರುತು ಇದ್ರೆ ಧೈರ್ಯದಲ್ಲಿ ಒತ್ತಿ" ಅಂತ. ಇದು ತಪ್ಪು, ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ. ಆ ಬೀಗ ಹೇಳುವುದು ಇಷ್ಟೇ, ನಿಮ್ಮ ಫೋನಿಂದ ಸೈಟಿಗೆ ಹೋಗುವ ಮಾಹಿತಿಯನ್ನು ನಡುವಲ್ಲಿ ಬೇರೆಯವರು ಓದ್ಲಿಕ್ಕೆ ಆಗುದಿಲ್ಲ ಅಂತ, ಆದ್ರೆ ಸೈಟೇ ಕಳ್ಳನದ್ದಾದ್ರೆ ನಿಮ್ಮ ಪಾಸ್‌ವರ್ಡ್ ನೇರ ಅವನ ಕೈಗೇ ಹೋಗ್ತದೆ. ಆ ಬೀಗಕ್ಕೆ ಬೇಕಾದ ಸರ್ಟಿಫಿಕೇಟ್ ಯಾರಿಗೆ ಬೇಕಾದ್ರೂ ಫ್ರೀಯಾಗಿ ಸಿಗ್ತದೆ.

ನೋಡ್ಬೇಕಾದ್ದು ಸೈಟಿನ ಹೆಸರು. ಮೊನ್ನೆ ನಮ್ಮ ಅತ್ತೆಗೆ ಗಾಡಿ ಫೈನ್ ಅಂತ ಒಂದು ಲಿಂಕ್ ಬಂದಿತ್ತು, ಶುರುವಲ್ಲಿ ಪರಿವಾಹನ್ (ಸರಕಾರದ ಗಾಡಿ ಸೈಟಿನ ಹೆಸರು) ಅಂತ ಸರಿಯಾಗಿಯೇ ಇತ್ತು, ಬೀಗವೂ ಇತ್ತು, ಆದ್ರೆ ಹೆಸರು ಮುಗಿದು ಓರೆಗೆರೆ (/) ಬರುವ ಜಾಗದಲ್ಲಿ ಇದ್ದದ್ದು ಸರಕಾರಿ ಸೈಟಿನ ಡಾಟ್ ಗವ್ ಡಾಟ್ ಇನ್ ಅಲ್ಲ, ಡಾಟ್ ಟಾಪ್! ಆ ಕೊನೆಯ ತುಂಡಲ್ಲೇ ಸೈಟು ಯಾರದ್ದು ಅಂತ ಗೊತ್ತಾಗುದು. ಬ್ಯಾಂಕುಗಳಿಗೂ ಸೈಟಿನ ಹೆಸರಿನ ಕೊನೆಯನ್ನು ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಬದಲಾಯಿಸ್ಲಿಕ್ಕೆ ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಎಪಿಕೆ ಫೈಲ್ (ಒತ್ತಿದ್ರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿದ್ರೆ ಮುಟ್ಲೇಬೇಡಿ.

ದುಡ್ಡು ಹೋಯ್ತು ಅಂತಾದ್ರೆ ನಾಚಿಕೆ ಮಾಡ್ಕೊಳ್ಬೇಡಿ, ಕೂಡ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ತಡ ಆದಷ್ಟೂ ಅದು ಖಾತೆಯಿಂದ ಖಾತೆಗೆ ದಾಟಿ ಹೋಗ್ತದೆ.