ಕೆ-ಟೆಟ್‌ಗೆ ಓದುವ ಮೊದಲು ಕ್ಯಾಲೆಂಡರ್ ತೆಗೆಯಿರಿ

ಡಿಎಲ್‌ಎಡ್ ಅಥವಾ ಬಿಎಡ್, ಅಂದರೆ ಟೀಚರ್ ಕೋರ್ಸಿನ ಕೊನೆಯ ವರ್ಷಕ್ಕೆ ಬಂದ ನಮ್ಮ ಕಾಸರಗೋಡಿನ ಹುಡುಗ ಹುಡುಗಿಯರು ಸಿಕ್ಕಿದಾಗೆಲ್ಲ ಕೇರಳದ ಟೀಚರ್ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಬಗ್ಗೆ ಕೇಳುವುದು ಒಂದೇ. "ಕೆ-ಟೆಟ್‌ಗೆ ಯಾವ ಗೈಡ್ ಒಳ್ಳೆಯದು?" ಗೈಡಿನ ವಿಷಯ ಆಮೇಲೆ ಹೇಳುತ್ತೇನೆ. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆಯೇ ಇದೆ ಮಾರಾಯ್ರೆ. ಸರ್ಟಿಫಿಕೇಟ್ ಕೈಗೆ ಬರುವುದು ಯಾವಾಗ? ಸರ್ಕಾರಿ ಶಾಲೆಗೆ ಪರೀಕ್ಷೆ ನಡೆಸಿ ಟೀಚರುಗಳನ್ನು ಆರಿಸುವ ಕೇರಳ ಪಿಎಸ್‌ಸಿ ಅರ್ಜಿ ಕರೆಯುವ ಮೊದಲೋ, ಆಮೇಲೋ? ಇದನ್ನು ಯಾರೂ ಕೇಳುವುದಿಲ್ಲ. ಕೋಚಿಂಗ್‌ನವರೂ ಹೇಳುವುದಿಲ್ಲ, ಅವರಿಗೆ ಸಿಲೆಬಸ್ ಮುಗಿದರೆ ಆಯಿತು.

ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕೇರಳದಲ್ಲಿ ಶಾಲೆಗೆ ಟೀಚರ್ ಆಗಿ ಸೇರಲು ಕೋರ್ಸ್ ಒಂದೇ ಸಾಲದು, ಕೆ-ಟೆಟ್ ಪಾಸಾಗಬೇಕು. ನಡೆಸುವುದು ಪರೀಕ್ಷಾ ಭವನ. ಎಲ್‌ಪಿಗೆ (ಕಿರಿಯ ಪ್ರಾಥಮಿಕ) ಕ್ಯಾಟಗರಿ ಒಂದು, ಯುಪಿಗೆ (ಹಿರಿಯ ಪ್ರಾಥಮಿಕ) ಎರಡು, ಹೈಸ್ಕೂಲಿಗೆ ಮೂರು. ಯುಪಿವರೆಗಿನ ಹಿಂದಿ, ಸಂಸ್ಕೃತ, ಅರಬಿ, ಉರ್ದು ಭಾಷೆಯವರಿಗೂ ಪಿಟಿ ಮತ್ತು ಸ್ಪೆಷಲಿಸ್ಟ್ ಟೀಚರುಗಳಿಗೂ ನಾಲ್ಕು. 150 ಪ್ರಶ್ನೆ, 150 ಮಾರ್ಕು, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಮಾರ್ಕು ಕಳೆಯುವುದಿಲ್ಲ. ಜನರಲ್‌ನವರಿಗೆ 90 ಬೇಕು, ಒಬಿಸಿ, ಎಸ್‌ಸಿ, ಎಸ್‌ಟಿಯವರಿಗೆ 82 ಸಾಕು. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಮೊದಲು ಏಳು ವರ್ಷದ ಗಡುವು ಇತ್ತು, 2021ರಲ್ಲಿ ಅದನ್ನು ತೆಗೆದುಹಾಕಿದರು.

ಇದು ಬರೀ ಅರ್ಹತಾ ಪರೀಕ್ಷೆ. 91 ತೆಗೆದವನೂ 140 ತೆಗೆದವಳೂ ಒಂದೇ. ಕೆ-ಟೆಟ್ ಮಾರ್ಕು ಪಿಎಸ್‌ಸಿ ರ‍್ಯಾಂಕ್ ಲಿಸ್ಟಿಗೆ ಸೇರುವುದಿಲ್ಲ. ಆದರೂ ನಮ್ಮಲ್ಲಿ ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲೇ "ಎಷ್ಟು ಮಾರ್ಕು ಬಂತು?" ಅಂತ ಶುರುವಾಗುತ್ತದೆ. ನೂರು ದಾಟಿಲ್ಲ ಅಂತ ಮುಖ ಸಣ್ಣ ಮಾಡಿಕೊಂಡವರನ್ನೂ ನೋಡಿದ್ದೇನೆ. ಅದೇ ಜನ ಪಿಎಸ್‌ಸಿ ಅರ್ಜಿಯ ಕೊನೆಯ ದಿನ ಯಾವಾಗ ಅಂತ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

ವಿಷಯ ಇರುವುದೇ ಅಲ್ಲಿ. ಪಿಎಸ್‌ಸಿಗೆ ಅರ್ಜಿ ಹಾಕುವ ಕೊನೆಯ ದಿನದೊಳಗೆ ನಿಮ್ಮ ಅರ್ಹತೆ ಪೂರ್ತಿ ಆಗಿರಬೇಕು. ಮರುದಿನ ಆದರೂ ಪ್ರಯೋಜನ ಇಲ್ಲ. ಮಲಯಾಳ ಮಾಧ್ಯಮದವರಿಗೆ 14 ಜಿಲ್ಲೆಯಲ್ಲೂ ಹುದ್ದೆ ಇದೆ, ಅವರಿಗೆ ಒಂದು ಸಲ ತಪ್ಪಿದರೂ ಇನ್ನೊಂದು ದಾರಿ ಕಾಣುತ್ತದೆ. ಕನ್ನಡ ಮಾಧ್ಯಮದ ಹುದ್ದೆ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಒಂದೇ, ಅದರಲ್ಲೂ ಮಂಜೇಶ್ವರ ಮತ್ತು ಕಾಸರಗೋಡು ತಾಲೂಕು. ರ‍್ಯಾಂಕ್ ಲಿಸ್ಟ್ ಒಮ್ಮೆ ಬಂತು ಅಂದರೆ ಮೂರು ವರ್ಷದವರೆಗೂ ಅದೇ ನಡೆಯುತ್ತದೆ. ಮುಂದಿನ ನೋಟಿಫಿಕೇಶನ್‌ಗೆ ಕಾಯಬೇಕು, ಆಮೇಲೆ ಪರೀಕ್ಷೆಗೆ, ಆಮೇಲೆ ಲಿಸ್ಟಿಗೆ. ಅಷ್ಟರಲ್ಲಿ ವಯಸ್ಸು ಸುಮ್ನೆ ಕೂರುವುದಿಲ್ಲ ಅಲ್ವಾ, ಜನರಲ್‌ನವರಿಗೆ 40ಕ್ಕೆ ಬಾಗಿಲು ಮುಚ್ಚುತ್ತದೆ.

ನಮ್ಮ ನೆರೆಯ ಒಬ್ಬ ಹುಡುಗಿ. ಓದುವುದರಲ್ಲಿ ಚುರುಕು. ಡಿಎಲ್‌ಎಡ್‌ನ ಕೊನೆಯ ವರ್ಷದಲ್ಲಿರುವಾಗಲೇ ಕೆ-ಟೆಟ್ ಬರೆದು ಒಳ್ಳೆಯ ಮಾರ್ಕು ತೆಗೆದಳು. ಕೊನೆಯ ವರ್ಷದವರು ಬರೆಯಬಹುದು, ಅದು ಸರಿ. ಆದರೆ ಕೋರ್ಸ್ ಪಾಸಾದ ದಾಖಲೆ ತೋರಿಸದೆ ಸರ್ಟಿಫಿಕೇಟ್ ಕೊಡುವುದಿಲ್ಲ. ಕೋರ್ಸಿನ ಫಲಿತಾಂಶ ತಡವಾಯಿತು. ಅದು ಬಂದ ಮೇಲೆ ಒಂದು ದಾಖಲೆಯಲ್ಲಿ ಅಪ್ಪನ ಇನಿಶಿಯಲ್ ಬೇರೆ, ಇನ್ನೊಂದರಲ್ಲಿ ಬೇರೆ. ಅದನ್ನು ಸರಿಮಾಡಿಸಲು ಬಸ್ ಹತ್ತಿ ಇಳಿದು ಮಳೆಗಾಲ ಕಳೆಯಿತು. ಅಷ್ಟರಲ್ಲಿ ಎಲ್‌ಪಿ ಕನ್ನಡ ಮಾಧ್ಯಮದ ಅರ್ಜಿಯ ದಿನ ದಾಟಿಹೋಗಿತ್ತು. ಈಗ ಅವಳು ಜೂನ್ ಬಂತೆಂದರೆ ಫೈಲ್ ಹಿಡಿದು ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ದಿನವೇತನದ ಸಂದರ್ಶನಕ್ಕೆ ಹೋಗುತ್ತಾಳೆ. ಒಂದೇ ದಿನ ಹತ್ತೂವರೆಗೆ ಪೆರ್ಲದ ಕಡೆ ಒಂದು, ಎರಡು ಗಂಟೆಗೆ ಮುಳ್ಳೇರಿಯದ ಕಡೆ ಇನ್ನೊಂದು. ಫೈಲ್ ಒಳಗಿನ ಕೆ-ಟೆಟ್ ಮಾರ್ಕನ್ನು ಯಾರೂ ಕಣ್ಣೆತ್ತಿ ನೋಡುವುದಿಲ್ಲ.

ಹಾಗಾಗಿ ನನ್ನ ಮಾತು ಇಷ್ಟೇ, ಹಿಂದಿನಿಂದ ಲೆಕ್ಕ ಹಾಕಿ. ಈಗ ಚಾಲ್ತಿಯಲ್ಲಿರುವ ಲಿಸ್ಟ್ ಯಾವಾಗ ಮುಗಿಯುತ್ತದೆ ನೋಡಿ, ಹೊಸ ಅರ್ಜಿ ಅದರ ಆಸುಪಾಸಿನಲ್ಲಿ ಬರಬಹುದು ಅಂತ ಅಂದಾಜು ಮಾಡಿ, ಅದಕ್ಕಿಂತ ಕನಿಷ್ಠ ಒಂದು ವರ್ಷ ಮೊದಲು ಕೆ-ಟೆಟ್ ಬರೆದು ಮುಗಿಸುವ ಹಾಗೆ ನೋಡಿಕೊಳ್ಳಿ. ಒಂದು ವರ್ಷ ಯಾಕೆ ಅಂದರೆ, ಕೆ-ಟೆಟ್ ವರ್ಷದಲ್ಲಿ ಇದೇ ತಿಂಗಳು ಅಂತ ಗ್ಯಾರಂಟಿ ಇಲ್ಲ, ಮೊದಲ ಸಲಕ್ಕೆ ಆಗದೆಯೂ ಹೋಗಬಹುದು, ಫಲಿತಾಂಶ ಬಂದ ಮೇಲೆ ಡಿಇಒ (ಜಿಲ್ಲಾ ಶಿಕ್ಷಣಾಧಿಕಾರಿ) ಆಫೀಸಿನಲ್ಲಿ ಒರಿಜಿನಲ್ ದಾಖಲೆಗಳ ವೆರಿಫಿಕೇಶನ್ ಬೇರೆ ಇದೆ. ಎಸ್‌ಎಸ್‌ಎಲ್‌ಸಿಯಿಂದ ಹಿಡಿದು ಎಲ್ಲ ಕಾಗದದಲ್ಲೂ ಹೆಸರು, ಇನಿಶಿಯಲ್, ಹುಟ್ಟಿದ ದಿನ ಒಂದೇ ಇದೆಯಾ ಅಂತ ಈಗಲೇ ನೋಡಿ. ಮಾರ್ಕಿನಲ್ಲಿ ರಿಯಾಯಿತಿ ಸಿಗುವವರು ಜಾತಿ ಸರ್ಟಿಫಿಕೇಟನ್ನೂ ಮೊದಲೇ ಮಾಡಿಸಿಡಿ. ಮಂಗಳೂರಿನಲ್ಲೋ ಪುತ್ತೂರಿನಲ್ಲೋ ಕೋರ್ಸ್ ಮಾಡಿದವರು, ಅದು ಕೇರಳದ ಕೋರ್ಸಿಗೆ ಸಮ ಅಂತ ತೋರಿಸುವ ತತ್ಸಮಾನ ಸರ್ಟಿಫಿಕೇಟ್ ಕೆಲಸವನ್ನು ಕೊನೆಗೆ ಇಡಲೇಬೇಡಿ. ಆನ್‌ಲೈನ್ ಅರ್ಜಿಗೆ ಬೇಕಾದ ಪಿಎಸ್‌ಸಿಯ ತುಳಸಿ ಪ್ರೊಫೈಲ್ ಇನ್ನೂ ಮಾಡದವರು ಇವತ್ತೇ ಮಾಡಿ, ಅದಕ್ಕೆ ಕೆ-ಟೆಟ್ ಬೇಕಿಲ್ಲ. ಅರ್ಜಿ ಹಾಕಿದ ಮೇಲೆ ಪರೀಕ್ಷೆಗೆ ಬರುತ್ತೇನೆಂದು ಕನ್ಫರ್ಮೇಶನ್ ಕೊಡುವುದನ್ನು ಮರೆತರೆ ಅಲ್ಲಿಗೆ ಮುಗಿಯಿತು.

ಈಗ ಗೈಡಿನ ವಿಷಯ. ನಮ್ಮವರು ಮಾಡುವುದೇನು? ಮಂಗಳೂರಿಗೆ ಹೋಗಿ ಕರ್ನಾಟಕ ಟಿಇಟಿಯ ದಪ್ಪ ಪುಸ್ತಕ ತರುವುದು. ಕನ್ನಡದಲ್ಲಿ ಇದೆ, ಓದಲು ಸುಲಭ. ಮನಃಶಾಸ್ತ್ರಕ್ಕೆ, ಕನ್ನಡ ವ್ಯಾಕರಣಕ್ಕೆ ಅದು ಧಾರಾಳ ಸಾಕು. ಆದರೆ ಪರಿಸರ ಅಧ್ಯಯನಕ್ಕೂ ಸಮಾಜಕ್ಕೂ ಅದೇ ಹಿಡಿದುಕೊಂಡರೆ ಕೆಟ್ಟಿರಿ. ಇಲ್ಲಿ ಬೇಕಾದ್ದು ಕೇರಳದ ಪಾಠಪುಸ್ತಕ. ಸಮಾಜ ಸುಧಾರಕರಾದ ಶ್ರೀ ನಾರಾಯಣ ಗುರು, ಅಯ್ಯಂಕಾಳಿ, ಅಸ್ಪೃಶ್ಯತೆಯ ವಿರುದ್ಧದ 1924ರ ವೈಕಂ ಸತ್ಯಾಗ್ರಹ ಗೊತ್ತಿರಬೇಕು. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವ ಮೂರು ಯಾವುವು ಅಂದರೆ ಕಬಿನಿ, ಭವಾನಿ, ಪಾಂಬಾರ್ ಅಂತ ನಿದ್ದೆಯಲ್ಲೂ ಬರಬೇಕು. (ಅತಿ ಚಿಕ್ಕ ನದಿ ಯಾವುದು ಅಂತ ಕೇಳಿದರೆ ನಮ್ಮ ಮಂಜೇಶ್ವರದ್ದೇ, 16 ಕಿಲೋಮೀಟರ್. ಮಂಜೇಶ್ವರದವರೇ ಇದನ್ನು ತಪ್ಪು ಬರೆದದ್ದುಂಟು!) ಪಾಠಪುಸ್ತಕ ತಯಾರಿಸುವ ಎಸ್‌ಸಿಇಆರ್‌ಟಿಯ ಕನ್ನಡ ಮಾಧ್ಯಮ ಪುಸ್ತಕಗಳು ಸಮಗ್ರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಎಲ್‌ಪಿ ಬರೆಯುವವರು ಒಂದರಿಂದ ಏಳರವರೆಗಿನವು ಓದಿದರೆ ಗೈಡ್ ಇಲ್ಲದಿದ್ದರೂ ನಡೆಯುತ್ತದೆ.

ಕ್ಯಾಟಗರಿ ಒಂದರಲ್ಲಿ ಐದು ಭಾಗ, ಒಂದೊಂದಕ್ಕೆ 30. ಮನಃಶಾಸ್ತ್ರ, ಗಣಿತ, ಪರಿಸರ, ಕನ್ನಡ, ಇಂಗ್ಲಿಷ್. ಎಲ್ಲರೂ ಗಣಿತಕ್ಕೆ ಹೆದರಿ ಅದರ ಮೇಲೆಯೇ ಬೀಳುತ್ತಾರೆ, ಕನ್ನಡವನ್ನು ಮುಟ್ಟುವುದೇ ಇಲ್ಲ. "ನಮ್ಮದೇ ಭಾಷೆ ಅಲ್ವಾ" ಅಂತ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಮರಾಠಿ ಮಾತಾಡುವ ನಾವು ಕನ್ನಡ ಕಲಿತದ್ದು ಶಾಲೆಯಲ್ಲಿ. ಸಂಧಿ, ಸಮಾಸ, ವಿಭಕ್ತಿ ಎಲ್ಲ ಹತ್ತನೇ ಕ್ಲಾಸಿಗೇ ಬಿಟ್ಟುಬಂದಿರುತ್ತೇವೆ. ಒಂದು ತಿಂಗಳು ದಿನಾ ಅರ್ಧ ಗಂಟೆ ಕೂತರೆ 30ರಲ್ಲಿ 25 ಬರುವ ಭಾಗ ಇದು, ಇದನ್ನು ಬಿಟ್ಟು ಗಣಿತದಲ್ಲಿ ಎರಡು ಮಾರ್ಕಿಗಾಗಿ ರಾತ್ರಿಯೆಲ್ಲ ನಿದ್ದೆಗೆಡುವುದು ಎಂತ ಪ್ಲಾನಿಂಗ್ ಅಂತ ನನಗಂತೂ ಗೊತ್ತಾಗುವುದಿಲ್ಲ.

ಮನಃಶಾಸ್ತ್ರವನ್ನು ಬಾಯಿಪಾಠ ಮಾಡುವವರೇ ಜಾಸ್ತಿ. ಮಗುವಿನ ಯೋಚನೆ ಬೆಳೆಯುವ ಬಗ್ಗೆ ಪಿಯಾಜೆ ಹೇಳಿದ ನಾಲ್ಕು ಹಂತ, ವಯಸ್ಸು, ಹೆಸರು, ಗಡಗಡ ಹೇಳುತ್ತಾರೆ. ಪ್ರಶ್ನೆ ಬರುವುದು ಹಾಗಲ್ಲ. ಕ್ಲಾಸಿನ ಒಂದು ಸಂದರ್ಭ ಕೊಟ್ಟು, ಈ ಮಗು ಯಾಕೆ ಹೀಗೆ ಹೇಳಿತು, ಟೀಚರ್ ಏನು ಮಾಡಬೇಕು ಅಂತ ಕೇಳುತ್ತಾರೆ. ಕೇರಳದ ಪಠ್ಯಕ್ರಮ, ಅದರಲ್ಲೂ 2007ರ ಚೌಕಟ್ಟು ಬಂದಮೇಲೆ, ಮಗು ತಾನೇ ಜ್ಞಾನ ಕಟ್ಟಿಕೊಳ್ಳುತ್ತದೆ ಅನ್ನುವುದರ ಮೇಲೆ ನಿಂತಿದೆ. ವೈಗೋಟ್‌ಸ್ಕಿ, ಬ್ರೂನರ್ ಅನ್ನುವ ಮನಃಶಾಸ್ತ್ರಜ್ಞರೆಲ್ಲ ಅಲ್ಲಿಂದಲೇ ಬರುವುದು. ಒಂದು ಕೆಲಸ ಮಾಡಿ. ಪಕ್ಕದ ಮನೆಯ ಐದು ವರ್ಷದ ಮಗುವನ್ನು ಕರೆಯಿರಿ. ಒಂದೇ ತರದ ಎರಡು ಲೋಟದಲ್ಲಿ ಸಮ ನೀರು ಹಾಕಿ, ಎರಡೂ ಒಂದೇ ಅಂತ ಅದರ ಬಾಯಿಂದಲೇ ಹೇಳಿಸಿ. ಆಮೇಲೆ ಅದರ ಎದುರೇ ಒಂದು ಲೋಟದ ನೀರನ್ನು ಉದ್ದದ ಸಪೂರ ಬಾಟಲಿಗೆ ಸುರಿಯಿರಿ. ಯಾವುದರಲ್ಲಿ ಜಾಸ್ತಿ ಅಂತ ಕೇಳಿ. ಬಾಟಲಿ ತೋರಿಸುತ್ತದೆ, ಅದೂ ನಿಮಗೆ ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ ನೋಡಿಕೊಂಡು. ಎಂಟು ಒಂಬತ್ತು ವರ್ಷದ ಅಣ್ಣ ಇದ್ದರೆ ಅವನು ನಗುತ್ತಾನೆ. ಇಷ್ಟು ಕಣ್ಣಾರೆ ನೋಡಿದವರಿಗೆ ಪಿಯಾಜೆಯ ಆ ಎರಡು ಹಂತದ ವ್ಯತ್ಯಾಸ ಯಾವ ತಿರುವು ಪ್ರಶ್ನೆ ಬಂದರೂ ತಪ್ಪುವುದಿಲ್ಲ.

ಹಳೆಯ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆದು, ಮೊಬೈಲ್ ಬೇರೆ ಕೋಣೆಯಲ್ಲಿ ಇಟ್ಟು, ಎರಡೂವರೆ ಗಂಟೆ ಕೂತು ಬರೆಯಿರಿ. 100ರ ಮೇಲೆ ನಿಂತರೆ ಕೆ-ಟೆಟ್ ಸಾಕು, ಪಿಎಸ್‌ಸಿಗೆ ತಿರುಗಿ. ಅಲ್ಲಿ ತಪ್ಪಿಗೆ ಮಾರ್ಕು ಕಳೆಯುತ್ತಾರೆ. ಇಲ್ಲಿ 150ನ್ನೂ ತುಂಬಿಸಿ ಬಂದ ಅಭ್ಯಾಸ ಅಲ್ಲಿ ಮುಳುಗಿಸುತ್ತದೆ.

ಇನ್ನು ಸರ್ವಿಸಿನಲ್ಲಿ ಇರುವವರ ಕಥೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವವರು ಎರಡು ವರ್ಷದೊಳಗೆ ಟಿಇಟಿ (ನಮ್ಮಲ್ಲಿ ಕೆ-ಟೆಟ್) ಪಾಸಾಗಬೇಕು ಎಂದಿದೆ. ಐದಕ್ಕಿಂತ ಕಡಿಮೆ ಇರುವವರು ಮುಂದುವರಿಯಬಹುದು, ಆದರೆ ಪ್ರಮೋಶನ್ ಇಲ್ಲ. ಇಪ್ಪತ್ತು ವರ್ಷ ಒಂದನೇ ಕ್ಲಾಸಿಗೆ ಅಕ್ಷರ ಕಲಿಸಿದ ಟೀಚರಿಗೆ ಈಗ ಮಗಳ ಜೊತೆ ಕೂತು ಒಎಂಆರ್ ಗುಂಡಿ ಕಪ್ಪು ಮಾಡುವ ಅಭ್ಯಾಸ. ನನಗೆ ಇದು ಅನ್ಯಾಯ ಅಂತಲೇ ಕಾಣುತ್ತದೆ. ಆದರೆ ತೀರ್ಪು ಬದಲಾದೀತು ಅಂತ ನಂಬಿ ಕೂತರೆ ಆಗುವುದಿಲ್ಲ, ಕೇಸು ಗೀಸು ಯೂನಿಯನ್‌ನವರು ನೋಡಿಕೊಳ್ಳಲಿ, ನೀವು ಓದಿ.

ಕೊನೆಗೆ ಸ್ವಲ್ಪ ಖಾರದ ಮಾತು. ಕನ್ನಡ ಶಾಲೆಗೆ ಕನ್ನಡ ಬಾರದವರನ್ನು ಹಾಕಿದಾಗ ನಾವು ಬೀದಿಗೆ ಇಳಿಯುತ್ತೇವೆ. ಇಳಿಯಲೇಬೇಕು, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇಳಿದೇ ಉಳಿಸಿಕೊಂಡದ್ದು ಇಷ್ಟು. ಆದರೆ ಅರ್ಜಿಯ ದಿನ ಸರ್ಟಿಫಿಕೇಟ್ ಇರುವ ಕನ್ನಡದ ಮಕ್ಕಳು ಸಾಕಷ್ಟು ಇಲ್ಲದಿದ್ದರೆ ಆ ಕುರ್ಚಿಯಲ್ಲಿ ಕೂರುವವರು ಯಾರು? ಕೋಚಿಂಗ್ ಹೆಚ್ಚಿನದೂ ಮಲಯಾಳದಲ್ಲಿ. ಕನ್ನಡದಲ್ಲಿ ಅಲ್ಲೊಂದು ಇಲ್ಲೊಂದು ಶಿಬಿರ ನಡೆದದ್ದುಂಟು, ಉದ್ಘಾಟನೆಯ ಫೋಟೋ ಬಂದದ್ದೂ ಉಂಟು, ಆಮೇಲೆ ಸುದ್ದಿ ಇಲ್ಲ. ನಮ್ಮ ಸಂಘಗಳಿಗೆ ಯಕ್ಷಗಾನಕ್ಕೆ, ಸನ್ಮಾನಕ್ಕೆ ಜನ ಸಿಗುತ್ತಾರೆ, ಶಾಲು ಹೊದೆಸಿಕೊಳ್ಳುವ ನಿವೃತ್ತ ಮಾಷ್ಟ್ರುಗಳೂ ಸಿಗುತ್ತಾರೆ. ಅವರಲ್ಲೇ ನಾಲ್ಕು ಮಂದಿಯನ್ನು ಬದಿಯಡ್ಕ, ಕುಂಬಳೆ, ಉಪ್ಪಳದ ಯಾವುದಾದರೂ ಶಾಲೆಯ ಕೋಣೆಯಲ್ಲಿ ಭಾನುವಾರ ಕೂರಿಸಿದರೆ ಸಾಕು. ಬೇಕಾದ್ದು ಒಂದು ಬೋರ್ಡು, ಹಳೆಯ ಪ್ರಶ್ನೆಪತ್ರಿಕೆಗಳ ಜೆರಾಕ್ಸ್, ಹನ್ನೊಂದು ಗಂಟೆಗೆ ಚಾ. ಯಾರಾದರೂ ಶುರು ಮಾಡುವುದಾದರೆ ಮನಃಶಾಸ್ತ್ರ ನಾನು ತೆಗೆದುಕೊಳ್ಳುತ್ತೇನೆ, ದುಡ್ಡು ಬೇಡ. ಗಣಿತಕ್ಕೆ ಮಾತ್ರ ಬೇರೆ ಜನ ನೋಡಿ.